ಧೂಳಪ್ಪ ಮುತ್ಯಾನನ್ನು ಊಟಕ್ಕೆ ಕರೆದದ್ದು

ಪ್ರತಿ ಮನೆತನದಲ್ಲೂ ಒಬ್ಬರಾದರೂ ಇರುತ್ತಾರೆ, ಅವರ ಮಾತು ಬಂದ ಕೂಡಲೇ ಹಿರಿಯರಿಗೆ ಚಹಾದ ನೆನಪಾಗುತ್ತದೆ. "ಏ, ಯಾರಾದ್ರೂ ಚಾ ಇಡ್ರೆವಾ" ಎಂದು ಒಳಗೆ ಕೂಗಿ, ಮಾತನ್ನು ಮಳೆ ಬೆಳೆಯ ಕಡೆಗೆ ತಿರುಗಿಸಿಬಿಡುತ್ತಾರೆ. ನನ್ನ ಗೆಳೆಯರೊಬ್ಬರ ಮನೆಯಲ್ಲಿ ಅಂಥವರು ನಾಟಕ ಕಂಪನಿಯ ಹಿಂದೆ ಹೋದ ಚಿಕ್ಕಪ್ಪ. ಇನ್ನೊಬ್ಬರ ಮನೆಯಲ್ಲಿ, ಎರಡು ಊರಿನಲ್ಲಿ ಎರಡು ಸಂಸಾರ ಹೂಡಿ ಎರಡೂ ಕಡೆ ಒಳ್ಳೆಯವರೆನಿಸಿಕೊಂಡ ಸೋದರಮಾವ. ನಮ್ಮ ಮನೆಯಲ್ಲಿ ಧೂಳಪ್ಪ ಮುತ್ಯಾ. ಮುತ್ಯಾ ಎಂದರೆ ನಮ್ಮ ಬೀದರ ಕಡೆ ಅಜ್ಜ, ಆಯಿ ಎಂದರೆ ಅಜ್ಜಿ. ಈತ ನನ್ನ ಅಜ್ಜನ ಅಜ್ಜ. ನಿಜಾಮರ ಕಾಲದಲ್ಲಿ ಯಾವುದೋ ಗುನ್ಹೆಗಾಗಿ ಈತನನ್ನು ಹಡಗು ಹತ್ತಿಸಿ ಕಾಳಾಪಾಣಿಗೆ, ಅಂದರೆ ಅಂಡಮಾನಿಗೆ ಸಾಗಿಸಿದರು. ಅಲ್ಲಿಂದ ಮುಂದೆ ಸುದ್ದಿಯಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ. ನಮ್ಮ ಮನೆತನದಲ್ಲಿ ಸುದ್ದಿ ಬರದೆ ಯಾರನ್ನೂ ಸತ್ತವರ ಲೆಕ್ಕಕ್ಕೆ ಸೇರಿಸುವುದಿಲ್ಲ. ಹಾಗಾಗಿ ನಮ್ಮ ಪ್ರಕಾರ ಧೂಳಪ್ಪ ಮುತ್ಯಾ ಇನ್ನೂ ಅಂಡಮಾನಿನಲ್ಲಿ ಆರೋಗ್ಯವಾಗಿಯೇ ಇದ್ದಾನೆ. ಜನಗಣತಿಯವರು ಬಂದು ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಾಗ, ನಮ್ಮ ಮಾಳಪ್ಪ ಕಾಕಾ ಸ್ವಲ್ಪ ತಡೆದೇ ಉತ್ತರ ಕೊಟ್ಟರಂತೆ.

ಬದುಕಿರುವವನ ಹೆಸರನ್ನು ಮಗುವಿಗೆ ಇಡಬಾರದು ಎಂಬುದು ನಮ್ಮಲ್ಲಿಯ ಇನ್ನೊಂದು ಕಟ್ಟಳೆ. ರೂಢಿಯಂತೆ ನನ್ನ ಅಜ್ಜನಿಗೆ ಅವನ ಅಜ್ಜನ ಹೆಸರಾದ ಧೂಳಪ್ಪ ಎಂದೇ ಇಡಬೇಕಾಗಿತ್ತು. ಆದರೆ ಆ ಹೆಸರಿನವನು ಸತ್ತಿರಲಿಲ್ಲವಾದ್ದರಿಂದ ಬೀರಪ್ಪ ಎಂದಿಟ್ಟರು. ಅಜ್ಜನ ಹೆಸರು ನನಗೆ ಬಂತು. ಬೀದರಿನ ಸರ್ಕಾರಿ ಕಚೇರಿಯೊಂದರಲ್ಲಿ ಕಡತಗಳ ನಡುವೆ ಆಯುಷ್ಯ ಕಳೆದು ಈಗ ನಿವೃತ್ತಿಯ ಅಂಚಿಗೆ ಬಂದಿರುವ ನಾನು ಧೂಳಪ್ಪ ಆಗದೆ ಬೀರಪ್ಪ ಆಗಿರುವುದಕ್ಕೆ ಬ್ರಿಟಿಷ್ ಸರ್ಕಾರದ ಹಡಗು ಸೇವೆಯೇ ಕಾರಣ.

ಈ ಧೂಳಪ್ಪ ಮುತ್ಯಾ ನನ್ನ ತಲೆಗೆ ಹತ್ತಿಕೊಂಡದ್ದು ಹೋದ ವರ್ಷದ ಮಹಾಲಯ ಅಮಾವಾಸ್ಯೆಯಂದು. ಅಂದು ನಮ್ಮ ಮನೆತನದವರೆಲ್ಲ ಔರಾದ ತಾಲೂಕಿನ ಸಂತಪುರದಲ್ಲಿ ಮಾಳಪ್ಪ ಕಾಕಾನ ಮನೆಗೆ ಸೇರುತ್ತೇವೆ. ಕಾಕಾ ನನ್ನ ತಂದೆಯ ತಮ್ಮ. ಉಳಿದವರೆಲ್ಲ ನೌಕರಿ, ವ್ಯಾಪಾರ ಎಂದು ಊರು ಬಿಟ್ಟರೂ ಕಾಕಾ ಮಾತ್ರ ಕುರಿ ಬಿಟ್ಟಿಲ್ಲ, ಕುರಿಗಳೂ ಕಾಕಾನನ್ನು ಬಿಟ್ಟಿಲ್ಲ. ಅಂದು ಹಿರಿಯರಿಗೆಲ್ಲ ಎಡೆ ಇಡುತ್ತೇವೆ. ಎಲ್ಲರ ಮನೆಯಲ್ಲೂ ಇಡುತ್ತಾರೆ, ಅದೇನು ಹೊಸದಲ್ಲ. ನಮ್ಮಲ್ಲಿ ಒಂದು ವಿಶೇಷವಿದೆ. ಎಡೆ ಇಡುವಾಗ ಬರಿಯ ಹೆಸರು ಹಿಡಿದು ಕರೆದರೆ ಸಾಲದು. ಒಂದೇ ಹೆಸರಿನವರು ಹಲವರಿರುವುದರಿಂದ, ಅವರು ಏನು ಮಾಡಿದವರು ಎಂಬುದನ್ನೂ ಸೇರಿಸಿ ಗಟ್ಟಿಯಾಗಿ ಕರೆಯಬೇಕು. "ಬಾವಿ ತೋಡಿದ ಬೀರಪ್ಪ ಮುತ್ಯಾ, ಊಟಕ್ಕ ಬಾ." "ಊರ ಸೂಲಗಿತ್ತಿ ಸಾಯವ್ವ ಆಯಿ, ಊಟಕ್ಕ ಬಾ." ಆ ಮಾತು ಖರೆಯೇ ಇರಬೇಕು. ಸುಳ್ಳಾದರೆ ಕರೆದದ್ದು ತನ್ನನ್ನೇ ಎಂದು ಆ ಹಿರಿಯನಿಗೆ ತಿಳಿಯುವುದಿಲ್ಲ, ಬೇರೆ ಯಾರೋ ಬಂದು ಉಂಡು ಹೋಗುತ್ತಾರೆ ಎಂಬುದು ಕಾಕಾನ ನಂಬಿಕೆ.

ಇದಕ್ಕೆ ಪುರಾವೆಯೂ ಇದೆ. ನಮ್ಮ ಶರಣಪ್ಪ ದೊಡ್ಡಪ್ಪ ಬದುಕಿದ್ದಷ್ಟು ದಿನ ಒಬ್ಬರನ್ನೂ ಬಿಡದೆ ಜಗಳಾಡಿದವರು. ಅವರು ತೀರಿಕೊಂಡ ವರ್ಷ ಅವರ ಮಗ, ತಂದೆಯ ಮೇಲಿನ ಗೌರವದಿಂದ, "ಶಾಂತ ಸ್ವಭಾವದ ಶರಣಪ್ಪ, ಊಟಕ್ಕ ಬಾ" ಎಂದು ಕರೆದ. ಮಾಳಿಗೆಯ ಮೇಲಿಟ್ಟ ತುತ್ತಿಗೆ ಒಂದು ಕಾಗೆಯೂ ಬಾಯಿ ಹಚ್ಚಲಿಲ್ಲ. ನಾವೆಲ್ಲ ಹಸಿದು ಕುಳಿತೆವು. ಬಿಸಿಲು ನೆತ್ತಿಗೇರಿದ ಮೇಲೆ ಕಾಕಾ ತಾವೇ ಮೇಲೆ ಹೋಗಿ, "ಎಲ್ಲಾರ ಜೋಡಿ ಜಗಳಾ ತಗದ ಶರಣಪ್ಪಾ, ಬಾರಪಾ, ಉಳದವ್ರಿಗೂ ಹಸಿವ್ಯಾಗ್ಯದ" ಎಂದು ಕರೆದರು. ಒಂದಲ್ಲ, ಒಂದು ಹಿಂಡೇ ಬಂತು. ಬಂದ ಕಾಗೆಗಳು ತಮ್ಮತಮ್ಮಲ್ಲೇ ಕಚ್ಚಾಡಿಕೊಂಡವು. ಅಂದಿನಿಂದ ನಮ್ಮ ಮನೆಯಲ್ಲಿ ಸತ್ತವರ ಬಗ್ಗೆ ಒಳ್ಳೆಯ ಮಾತಾಡಲು ಎಲ್ಲರೂ ಹೆದರುತ್ತಾರೆ.

ಹೋದ ವರ್ಷ ಊಟವಾದ ಮೇಲೆ ಕಾಕಾ ನನ್ನನ್ನು ಪಕ್ಕಕ್ಕೆ ಕರೆದರು. ಎಲೆ ಅಡಿಕೆ ಹಾಕಿಕೊಳ್ಳದೆ ಸುಮ್ಮನೆ ಕೈಯಲ್ಲಿ ಹಿಡಿದು ಕುಳಿತದ್ದು ನೋಡಿಯೇ ಏನೋ ದೊಡ್ಡ ವಿಷಯ ಎಂದುಕೊಂಡೆ.

"ಬೀರಪ್ಪಾ, ಧೂಳಪ್ಪ ಮುತ್ಯಾಗ ಎಡಿ ಇಡಬೇಕಂತ ಮಾಡೇನಿ. ಮಠದ ಅಯ್ಯನವ್ರಿಗಿ ಕೇಳ್ದೆ."

"ಏನಂದ್ರು ಕಾಕಾ?"

"ಇಷ್ಟೊತ್ತಿಗಿ ಸತ್ತಿರಬಹುದು ಅಂದ್ರು."

ಅಯ್ಯನವರ ಧೈರ್ಯವನ್ನು ನಾನು ಮನಸ್ಸಿನಲ್ಲೇ ಮೆಚ್ಚಿದೆ.

"ಆದ್ರ ಏನಂತ ಕರೀಬೇಕೋ ತಮ್ಮಾ? ಏನ್ ಮಾಡಿ ಹೋದ ಅನ್ನೋದು ನಮಗ್ಯಾರಿಗೂ ಮಾಲೂಮಿಲ್ಲ. ನೀ ಸಾಲಿ ಕಲ್ತಾಂವ, ಆಫೀಸ್ನಾಗಿದ್ದಿ. ಬರೋ ಅಮಾಸಿ ಒಳಗ ಹುಡುಕಿ ಹೇಳು. ನಂದೂ ವಯಸ್ಸಾಯ್ತು. ಎಲ್ಲಾರೂ ಕುಂತು ಉಣ್ಣಾಗ ಆಂವ ಒಬ್ಬಾಂವ ಆ ನೀರಿನ ನಡುವ ಉಪಾಸ ಕುಂತಾನಂತ ನನಗ ಗಂಟಲ್ದಾಗ ತುತ್ತ ಇಳ್ಯಂಗಿಲ್ಲ."

ಕಾಕಾನ ಕಣ್ಣು ತುಂಬಿತ್ತು. "ಫಿಕರ್ ಮಾಡಬ್ಯಾಡ್ರಿ ಕಾಕಾ, ನಾ ಹುಡುಕ್ತೇನಿ" ಎಂದುಬಿಟ್ಟೆ. ಮನೆಯಲ್ಲಿ ನನ್ನ ಕನ್ನಡಕವನ್ನೇ ಹೆಂಡತಿ ಹುಡುಕಿಕೊಡಬೇಕು ಎಂಬ ಸಂಗತಿ ಕಾಕಾನಿಗೆ ಗೊತ್ತಿರಲಿಲ್ಲ.

ವಂಶದ ಇತಿಹಾಸ ಹುಡುಕುವುದು ಈಗ ಬಹಳ ಸುಲಭ ಎಂದು ಎಲ್ಲರೂ ಹೇಳುತ್ತಾರೆ. ಮೊಬೈಲಿನಲ್ಲೇ ವಂಶವೃಕ್ಷ ಕಟ್ಟಿಕೊಡುವ ತಾಣಗಳಿವೆ. ನಾನೂ ಒಂದು ತಾಣದಲ್ಲಿ ಕುಳಿತು ಮಾಳಪ್ಪನ ಮಗ ಬೀರಪ್ಪ, ಬೀರಪ್ಪನ ಮಗ ಮಾಳಪ್ಪ ಎಂದು ಶ್ರದ್ಧೆಯಿಂದ ತುಂಬತೊಡಗಿದೆ. ಸ್ವಲ್ಪ ಹೊತ್ತಿಗೆ ಅದು, ಈ ಮಾಳಪ್ಪ ಮತ್ತು ಆ ಮಾಳಪ್ಪ ಒಬ್ಬರೇ ಇರಬಹುದೇ ಎಂದು ವಿನಯದಿಂದ ಕೇಳಿತು. ನಾನು ಓದದೆ ಹೌದು ಎಂಬುದನ್ನು ಒತ್ತಿದೆ. ಕೂಡಲೇ ನನ್ನ ಕಾಕಾ ತಮ್ಮ ಅಜ್ಜ ತಾವೇ ಆದರು. ಅದನ್ನು ಸರಿಪಡಿಸಲು ಹೋಗಿ ಇಬ್ಬರು ಬೀರಪ್ಪರನ್ನೂ ಕೂಡಿಸಿಬಿಟ್ಟೆ. ನಾನೇ ನನ್ನ ತಂದೆಗೆ ತಂದೆಯಾಗಿ ಕುಳಿತದ್ದನ್ನು ನೋಡಿ ನನ್ನ ಹೆಂಡತಿ ಸುವರ್ಣಾ, "ಸಾಕು ಮುಚ್ರಿ, ನಾ ಯಾರ ಹೆಂಡ್ತಿ ಅನ್ನೋದು ನನಗೇ ತಿಳೀವಲ್ದು" ಎಂದು ಮೊಬೈಲು ಕಿತ್ತುಕೊಂಡಳು. ಸುವರ್ಣಾ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಲೆಕ್ಕ ತಪ್ಪಾದರೆ ಅವಳಿಗೆ ತಡೆಯಲಾಗುವುದಿಲ್ಲ.

ಆಮೇಲೆ ಹಳೆಯ ದಾಖಲೆಗಳನ್ನು ಇಟ್ಟುಕೊಂಡ ಒಂದು ಸಂಗ್ರಹಾಲಯಕ್ಕೆ ಬರೆದೆ. ಧೂಳಪ್ಪನೆಂಬವನ ತಂದೆಯ ಹೆಸರು, ಗುನ್ಹೆ, ವಿಚಾರಣೆ ನಡೆದ ಸ್ಥಳ, ಕಳಿಸಿದ ಇಸವಿ ದಯವಿಟ್ಟು ತಿಳಿಸಿ ಎಂದು ಕೇಳಿದೆ. ಬೇಗನೇ ಉತ್ತರ ಬಂತು. ಹುಡುಕಿಕೊಡಲು ಸಂತೋಷ, ದಯವಿಟ್ಟು ಆತನ ತಂದೆಯ ಹೆಸರು, ಗುನ್ಹೆ, ವಿಚಾರಣೆ ನಡೆದ ಸ್ಥಳ, ಕಳಿಸಿದ ಇಸವಿ ತಿಳಿಸಿ ಎಂದಿತ್ತು. ನಾನೂ ಇಷ್ಟು ವರ್ಷ ಜನರಿಗೆ ಇಂಥವೇ ಉತ್ತರ ಬರೆದವನಾದ್ದರಿಂದ ಬರೆದವರ ಮೇಲೆ ಸಿಟ್ಟು ಬರಲಿಲ್ಲ, ಒಂದು ರೀತಿಯ ಬಳಗದ ಪ್ರೀತಿಯೇ ಹುಟ್ಟಿತು. ಕೊನೆಗೆ, ರಜೆಯ ಪ್ರವಾಸದ ಸೌಲಭ್ಯದಲ್ಲಿ ಸಂಸಾರ ಸಮೇತ ಅಂಡಮಾನಿಗೆ ಹೋಗಿಬಂದಿದ್ದ ನಮ್ಮ ಕಚೇರಿಯ ಸೂಪರಿಂಟೆಂಡೆಂಟ್ ಸಾಹೇಬರನ್ನು ಕೇಳಿದೆ. ಅಲ್ಲಿನ ಜೈಲಿನಲ್ಲಿ ಎಲ್ಲಾದರೂ ಧೂಳಪ್ಪ ಎಂಬ ಹೆಸರು ಕಂಡಿತೇ ಎಂದೆ. "ಜೈಲಿಗೆ ಹೋಗಬೇಕಂತಿದ್ದೆ ಬೀರಪ್ಪ, ಅಷ್ಟ್ರಾಗ ಗಾಜಿನ ತಳದ ದೋಣಿಗಿ ಹೊತ್ತಾಯ್ತು. ಮೀನು ಭಾಳ ಚಂದ ಅವ ನೋಡು" ಎಂದು ಫೋಟೋ ತೋರಿಸತೊಡಗಿದರು. ಅಂಡಮಾನಿನ ಮೀನುಗಳ ಬಗ್ಗೆ ನನಗೆ ಈಗ ತಕ್ಕಮಟ್ಟಿಗೆ ಗೊತ್ತು.

ಆದರೆ ಸಾಹೇಬರಿಗೆ ಕುತೂಹಲ ಹುಟ್ಟಿತು. "ಕಾಳಾಪಾಣಿಗೆ ಹೋಗಿದ್ರಾ? ಅಂದ್ರ ಹೋರಾಟಗಾರ್ರು ಅನ್ನು!" ಎಂದರು. ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಮನೆಗೆ ಬಂದು ಯೋಚಿಸಿದಾಗ ಅವರ ಮಾತಿನಲ್ಲಿ ಹುರುಳಿದೆ ಅನ್ನಿಸಿತು. ಧೂಳಪ್ಪ ನಿಜಾಮರ ಪ್ರಜೆ. ಇಲ್ಲೇ ಗುನ್ಹೆ ಮಾಡಿದ್ದರೆ ನಿಜಾಮರ ಜನ ಇಲ್ಲೇ ಜೈಲಿಗೆ ಹಾಕುತ್ತಿದ್ದರು. ಸಮುದ್ರ ದಾಟಿಸುವಷ್ಟು ಸಿಟ್ಟು ಇಂಗ್ರೇಜರಿಗೆ ಬಂದಿರಬೇಕಾದರೆ ಈತ ಅವರನ್ನೇ ಕೆಣಕಿರಬೇಕು. ಈ ತರ್ಕ ನನಗೆ ಎಷ್ಟು ಹಿಡಿಸಿತೆಂದರೆ, ಮರುದಿನ ಕಚೇರಿಗೆ ಹೋಗುವಾಗ ಎಂದಿಗಿಂತ ಸ್ವಲ್ಪ ಎದೆ ಮುಂದೆ ಮಾಡಿಕೊಂಡೇ ಹೋದೆ.

ಇನ್ನಷ್ಟು ವಿವರ ಸಿಕ್ಕೀತೆಂದು ಒಂದು ಭಾನುವಾರ ಸಂತಪುರದ ಬಸ್ಸು ಹಿಡಿದೆ. ಕಾಕಾ ಕುರಿ ದೊಡ್ಡಿಯಲ್ಲಿದ್ದರು. ಅವರ ಕುರಿಗಳನ್ನು ನೀವು ನೋಡಬೇಕು. ಕುರಿ ಸಾಕುವವರು ತಮ್ಮ ಕುರಿ ಇನ್ನೊಬ್ಬರ ಹಿಂಡಿನಲ್ಲಿ ಬೆರೆತು ಹೋಗಬಾರದೆಂದು ಕಿವಿಗೆ ಗುರುತು ಮಾಡುತ್ತಾರೆ. ನಮ್ಮ ಮನೆತನದ ಗುರುತು ಬಲು ದೊಡ್ಡದು. ಎರಡೂ ಕಿವಿಗಳನ್ನು ಅರ್ಧಕ್ಕೆ ಕತ್ತರಿಸಿ ತೆಗೆದಿರುತ್ತಾರೆ. ಮೋಟುಗಿವಿಯ ಹಿಂಡು ಬಂತೆಂದರೆ ಸಂತಪುರದ ಮಾಳಪ್ಪನದೇ ಎಂದು ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತು. "ಇದು ಧೂಳಪ್ಪ ಮುತ್ಯಾ ಹಾಕಿಕೊಟ್ಟ ಗುರ್ತೋ ತಮ್ಮಾ, ನಾವು ಬಿಟ್ಟಿಲ್ಲ" ಎಂದು ಕಾಕಾ ಒಂದು ಮರಿಯ ಮೋಟು ಕಿವಿಯನ್ನು ಸವರಿದರು. ನಾನು ಅದರ ಫೋಟೋ ತೆಗೆದುಕೊಂಡೆ. ಆಮೇಲೆ ಕಾಕಾ ಆಚೀಚೆ ನೋಡಿ ದನಿ ತಗ್ಗಿಸಿದರು. "ಸಣ್ಣಾಂವಿದ್ದಾಗ ನಮ್ಮ ಆಯಿ ಒಂದು ಸಲ ಅಂದಿದ್ಲು. ಚೂರಿ ಆಡ್ಸಿದಕ್ಕ ಹೋದ ಅಂತ. ಮುಂದ ಕೇಳಿದ್ರ ಬಾಯಿ ಮುಚ್ಚಿಸಿದ್ಲು." ಅಷ್ಟು ಹೇಳಿ ಕಾಕಾ ಏಕೋ ಸಪ್ಪಗಾದರು. ನನಗೆ ಅದನ್ನೆಲ್ಲ ಗಮನಿಸುವ ವ್ಯವಧಾನ ಎಲ್ಲಿತ್ತು? ಚೂರಿ ಎಂದೊಡನೆ ನನ್ನ ಕಣ್ಣ ಮುಂದೆ ಒಬ್ಬ ಕೆಂಪು ಮೋರೆಯ ಇಂಗ್ರೇಜಿ ಅಧಿಕಾರಿ ಬಂದು ನಿಂತಿದ್ದ.

ಆಗಸ್ಟ್ ಹದಿನೈದರಂದು ಕಚೇರಿಯಲ್ಲಿ ಧ್ವಜಾರೋಹಣವಾದ ಮೇಲೆ ಸಾಹೇಬರು ನನಗೆ ನಾಲ್ಕು ಮಾತಾಡಲು ಹೇಳಿದರು. ನಾನು ಸುಳ್ಳು ಹೇಳಬಾರದೆಂದೇ ಎದ್ದು ನಿಂತೆ. ನನ್ನ ಅಜ್ಜನ ಅಜ್ಜ ಕಾಳಾಪಾಣಿ ಕಂಡವರು ಎಂದೆ. ಅದು ನಿಜ. ಚಪ್ಪಾಳೆ ಬಿತ್ತು. ಕೈಯಲ್ಲಿ ಆಯುಧ ಹಿಡಿದಿದ್ದರು ಎಂದೆ. ಅದೂ ಒಂದು ಲೆಕ್ಕಕ್ಕೆ ನಿಜ. ಮತ್ತೆ ಚಪ್ಪಾಳೆ. ಅಷ್ಟಕ್ಕೇ ಕೂತಿದ್ದರೆ ಬಚಾವಾಗುತ್ತಿದ್ದೆ. ಆದರೆ ಇಷ್ಟು ವರ್ಷದ ನೌಕರಿಯಲ್ಲಿ ನನಗಾಗಿ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ. ಅದು ಬೀಳುತ್ತಿರುವಾಗ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಕುದುರೆ ಎಲ್ಲಿಂದ ಬಂತೋ ನನಗೆ ಈಗಲೂ ತಿಳಿಯದು, ಭಾಷಣ ಮುಗಿಯುವ ಹೊತ್ತಿಗೆ ಧೂಳಪ್ಪ ಮುತ್ಯಾ ಕುದುರೆಯ ಮೇಲಿದ್ದ. ಸಾಹೇಬರು ನನಗೆ ಶಾಲು ಹೊದಿಸಿದರು. ಅಮಾವಾಸ್ಯೆಯ ಎಡೆಯ ವಿಷಯ ಕೇಳಿ, "ನಾವೂ ಬರ್ತೇವಪ್ಪ, ಅಂಥವ್ರ ಎಡಿಗಿ ಕೈ ಮುಗೀಬೇಕು" ಎಂದರು. ಇಡೀ ಶಾಖೆಯೇ ಬರುವುದೆಂದು ತೀರ್ಮಾನವಾಯಿತು.

ಶಾಲು ಹೊದ್ದುಕೊಂಡೇ ಮನೆಗೆ ಬಂದೆ. ಸುವರ್ಣಾ ಭಾಷಣದ ವಿಡಿಯೋ ಆಗಲೇ ನೋಡಿದ್ದಳು. "ಕುದುರಿ ಭಾಳ ಚಂದಿತ್ರಿ" ಎಂದಳು. ನಾನು ಗಂಭೀರವಾಗಿ, ಇತಿಹಾಸದಲ್ಲಿ ಸ್ವಲ್ಪ ಊಹೆಗೂ ಜಾಗವಿರುತ್ತದೆ ಎಂದು ವಿವರಿಸಿ, ಸಂತಪುರದ ಫೋಟೋ ತೋರಿಸಿದೆ. ಅವಳು ಆ ಮೋಟುಗಿವಿಯ ಮರಿಯನ್ನು ನೋಡಿದಳು, ನನ್ನ ಶಾಲನ್ನು ನೋಡಿದಳು, ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದಳು. ನಗು ನಿಲ್ಲುವಷ್ಟರಲ್ಲಿ ನಾನು ಶಾಲು ಮಡಿಸಿಟ್ಟೆ.

"ನಿಮಗ ಇಷ್ಟು ವರ್ಷ ಖರೇನೇ ಗೊತ್ತಾಗಿಲ್ಲೇನ್ರಿ?"

"ಏನು?"

"ನಮ್ಮಪ್ಪನ ಮನ್ಯಾಗ ಕುರಿ ಕಿವಿಗಿ ಹ್ಯಾಂಗ ಗುರ್ತ ಮಾಡ್ತಾರ, ಹೇಳ್ರಿ."

ಅವಳ ತವರು ಭಾಲ್ಕಿಯ ಹತ್ತಿರದ ಹಳ್ಳಿ. ಅವರೂ ಕುರಿ ಸಾಕುವವರೇ. ಅಲ್ಲಿ ಕಿವಿಯ ಅಂಚಿಗೆ ಸಣ್ಣದೊಂದು ಕಚ್ಚು ಹಾಕುತ್ತಾರೆ.

"ಎಲ್ಲಾರೂ ಹಾಂಗೇ ಹಾಕ್ತಾರ. ಒಬ್ರದು ಎಡಕ್ಕ, ಒಬ್ರದು ಬಲಕ್ಕ, ಒಬ್ರದು ತುದಿಗಿ. ಈಗ ಅರ್ಧ ಕಿವೀನೇ ತಗದ್ರ ಮೊದಲಿನ ಕಚ್ಚು ಎಲ್ಲಿ ಉಳೀತದ್ರಿ?"

ಲೆಕ್ಕ ಬಹಳ ಸರಳವಾಗಿತ್ತು. ಕಿವಿಯ ಯಾವ ಅಂಚಿನಲ್ಲಿ ಯಾರ ಗುರುತಿದ್ದರೂ ಒಂದೇ ಏಟಿಗೆ ಅಳಿಸಿಹಾಕುವ ಗುರುತು ನಮ್ಮದು. ಅದನ್ನು ತಲೆತಲಾಂತರದಿಂದ ಜೋಪಾನ ಮಾಡಿಕೊಂಡು, ಹಿರಿಯರ ಕೊಡುಗೆ ಎಂದು ಮರಿಮರಿಗೂ ಮಾಡಿಸಿ, ಊರೂರಿಗೆ ಮೇಯಿಸಿಕೊಂಡು ಬಂದಿದ್ದೆವು. ಬೇರೆ ಕಳ್ಳರ ವಂಶದವರು ಕುರುಹು ಮುಚ್ಚಿಡುತ್ತಾರೆ. ನಾವು ಅದನ್ನು ವರ್ಷವರ್ಷ ಹೊಸದಾಗಿ ಕತ್ತರಿಸುತ್ತಿದ್ದೆವು.

ನನಗೆ ನಂಬಲು ಮನಸ್ಸಿಲ್ಲದ್ದರಿಂದ ಮರುವಾರವೇ ಸುವರ್ಣಾಳನ್ನು ಕರೆದುಕೊಂಡು ಭಾಲ್ಕಿಗೆ ಹೊರಟೆ. ನನ್ನ ಮಾವನವರು ನಿವೃತ್ತ ಮುಖ್ಯೋಪಾಧ್ಯಾಯರು. ಅಳಿಯ ಬಂದನೆಂದು ಶೇಂಗಾ ಹೋಳಿಗೆ ಮಾಡಿಸಿ, ಪಕ್ಕದಲ್ಲಿ ಕೂರಿಸಿಕೊಂಡು, ನಾನು ಕೇಳಿದ್ದಕ್ಕೆಲ್ಲ ಪಾಠ ಹೇಳುವಂತೆ ನಿಧಾನವಾಗಿ ಉತ್ತರಿಸಿದರು. ಆ ಕಾಲದಲ್ಲಿ ಔರಾದ ಕಡೆಯ ಕೆಲವರು ಗುಂಪು ಕಟ್ಟಿಕೊಂಡು ಇಡೀ ಹಿಂಡುಗಳನ್ನೇ ಹೊಡೆದುಕೊಂಡು ಹೋಗುತ್ತಿದ್ದರಂತೆ. ಇಲ್ಲಿ ಮಾರಿದರೆ ಸಿಕ್ಕಿಬೀಳುತ್ತೇವೆಂದು ಸರಹದ್ದು ದಾಟಿ ಸೊಲ್ಲಾಪುರದ ಕಡೆ ಇಂಗ್ರೇಜರ ಸೀಮೆಯ ಸಂತೆಗೆ ಒಯ್ಯುತ್ತಿದ್ದರಂತೆ. ಒಮ್ಮೆ ಹಿಂಡಿನ ಧಣಿಗಳು ಬೆನ್ನುಹತ್ತಿ ಹೋಗಿ ನೋಡಿದರೆ, ಸಂತೆಯಲ್ಲಿ ನಿಂತ ಅಷ್ಟೂ ಕುರಿಗಳ ಕಿವಿ ಹಸಿ ಗಾಯ.

"ಇಂಗ್ರೇಜ್ರ ಸೀಮ್ಯಾಗ ಸಿಕ್ಕ, ಅದಕ್ಕ ಅವ್ರ ಹಡಗ ಹತ್ತಿದ. ಈ ಕಡಿ ಸಿಕ್ಕಿದ್ರ ಇಲ್ಲೇ ಎಲ್ಲರೆ ಇರ್ತಿದ್ದ" ಎಂದರು ಮಾವ. ಅಲ್ಲಿಗೆ ನನ್ನ ತರ್ಕದ ಕುದುರೆ ಮುಗ್ಗರಿಸಿ ಬಿತ್ತು.

"ಆ ಕುರಿ ಯಾರವ್ರಿ ಮಾವಾ?"

ಮಾವ ಕೆಮ್ಮಿದರು. "ಹೇಳಬಾರ್ದು. ಒಂದಿಷ್ಟು ನಮ್ಮವೂ ಇದ್ವಂತ."

"ಹಾಂಗಿದ್ರ ನಮ್ಮ ಮನಿಗಿ ಮಗಳ್ನ ಹ್ಯಾಂಗ ಕೊಟ್ರಿ?"

"ಸಂಬಂಧ ನೋಡ್ಲಿಕ್ಕ ಬಂದಾಗ ದೊಡ್ಡಿ ಬಾಜೂಕೇ ಕೂಡಿಸಿದ್ರಿ. ಕಿವಿ ನೋಡ್ದೆ, ತಿಳೀತು. ಎದ್ದು ಹೋಗಬೇಕಂತ ಮಾಡಿದ್ದೆ. ಅಷ್ಟ್ರಾಗ ಒಂದು ಟಗರು ತಪ್ಪಿಸಿಕೊಂಡು ಓಡಿ ಬಂತು. ಎಲ್ಲಾರೂ ಹಿಡೀಲಿಕ್ಕ ಎದ್ರು, ನೀವು ಕುರ್ಚಿ ಮ್ಯಾಲ ಹತ್ತಿ ನಿಂತ್ರಿ. ಈ ಹುಡುಗ ಕುರಿ ಕದಿಯೋದು ದೂರ ಉಳೀತು, ಕುರಿ ತಾನೇ ಬಂದ್ರೂ ಹಿಡ್ಯಂಗಿಲ್ಲ ಅಂತ ಖಾತ್ರಿ ಆಯ್ತು. ಅದಕ್ಕೇ ಕೊಟ್ಟೆ."

ಸುವರ್ಣಾ ಒಳಗಿನಿಂದ ನಗುವುದು ಕೇಳಿಸಿತು. ನಾನು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡೆ. ಮಾವನವರ ಮಾತು ಇತಿಹಾಸಕಾರರಿಗೆ ಸಾಲಲಿಕ್ಕಿಲ್ಲ. ಸಂತೆಯಲ್ಲಿ ಸಿಕ್ಕವನು ಧೂಳಪ್ಪನೇ ಎಂಬುದಕ್ಕೆ ಅವರ ಹತ್ತಿರ ಯಾವ ಕಾಗದವೂ ಇರಲಿಲ್ಲ. ಆದರೆ ಕಿವಿ ಇತ್ತು, ಚೂರಿ ಇತ್ತು, ಹಡಗು ಇತ್ತು. ಒಬ್ಬರನ್ನು ಊಟಕ್ಕೆ ಕರೆಯಲು ಅಷ್ಟು ಸಾಕು.

ಇನ್ನು ಉಳಿದದ್ದು ನನ್ನ ಇಜ್ಜತ್ತಿನ ಪ್ರಶ್ನೆ. ಕಚೇರಿಯವರೆಲ್ಲ ಕೈ ಮುಗಿಯಲು ಬರುವವರಿದ್ದರು. ಅವರೆದುರಿಗೆ ಕುರಿ ಕಳ್ಳ ಎಂದು ಕೂಗುವುದು ಹೇಗೆ? ಕೂಗದಿದ್ದರೆ ಕಾಕಾನ ಗಂಟಲಿನ ತುತ್ತು ಇಳಿಯುವುದು ಹೇಗೆ? ಸಾಹೇಬರಿಗೆ ಫೋನ್ ಮಾಡಿ ಎಡೆ ಮುಂದೂಡಿದೆ ಎನ್ನೋಣವೆಂದರೆ ಅಮಾವಾಸ್ಯೆ ಮುಂದೂಡಲು ಬರುವುದಿಲ್ಲ. ಕಡತದಲ್ಲಿ ನಿಜವನ್ನೂ ಹೇಳದೆ ಸುಳ್ಳನ್ನೂ ಹೇಳದೆ ಬರೆಯುವುದರಲ್ಲಿ ಪಳಗಿದವನಾದ್ದರಿಂದ, ಕೊನೆಗೆ ಒಂದು ಒಕ್ಕಣೆ ಹೊಳೆಯಿತು. "ಸಮುದ್ರ ದಾಟಿದ ಧೂಳಪ್ಪ ಮುತ್ಯಾ, ಊಟಕ್ಕ ಬಾ." ಯಾರಿಗೂ ನೋವಿಲ್ಲ, ಒಂದಕ್ಷರ ಸುಳ್ಳಿಲ್ಲ. ಫೋನಿನಲ್ಲಿ ಕಾಕಾನಿಗೆ ಹೇಳಿದೆ. ಅವರು, "ಸಮುದ್ರ ಆಂವ ದಾಟಿಲ್ಲೋ ತಮ್ಮಾ, ಆಂವಗ ದಾಟಿಸ್ಯಾರ. ಆಂವ ಮಾಡಿದ್ದೇನು, ಅದು ಹೇಳು" ಎಂದರು. ಬಂದು ಹೇಳ್ತೇನಿ ಎಂದು ಫೋನಿಟ್ಟೆ.

ಅಮಾವಾಸ್ಯೆಯ ದಿನ ನಾವು ಬೇಗ ತಲುಪಿದೆವು. ಒಳಗೆ ಹೂರಣಗಡುಬು, ಪುಂಡಿಪಲ್ಯ, ಮಟನ್ ಸಾರು ಎಲ್ಲ ಸಿದ್ಧವಾಗಿದ್ದವು. ಸಾಹೇಬರ ಜೀಪು ಇನ್ನೂ ಬಂದಿರಲಿಲ್ಲ. ಕಾಕಾ ನನ್ನನ್ನು ದೊಡ್ಡಿಯ ಹತ್ತಿರ ಕರೆದೊಯ್ದರು. ಅವರ ಮುಖ ಬಾಡಿತ್ತು.

"ಬೀರಪ್ಪಾ, ಯಾರಿಗಿ ಕೊಂದಿದ್ದ, ಹೇಳಿಬಿಡು."

ನಾನು ಬೆಚ್ಚಿದೆ. "ಕೊಂದಿದ್ನಾ? ಯಾರು ಹೇಳಿದ್ರು ಕಾಕಾ?"

"ಚೂರಿ ಆಡ್ಸಿದ ಅಂದಿದ್ಲಲ್ಲೋ ಆಯಿ! ಅವತ್ತಿನಿಂದ ನನ್ನ ಹೊಟ್ಟ್ಯಾಗ ಆ ಚೂರಿ ಅದ. ಆಂವನ್ನ ಕರದ್ರ, ಆಂವನ ಕೈಲಿ ಸತ್ತಾಂವನೂ ಬೆನ್ನ ಹತ್ತಿ ಬಾಗಲ್ದಾಗ ಬಂದು ನಿಲ್ತಾನಂತ ಹೆದರಿ ಇಷ್ಟು ವರ್ಷ ಕರೀಲಿಲ್ಲ. ಸಾವಿನ ಸುದ್ದಿ ಬಂದಿಲ್ಲ ಅನ್ನೋದು ಬರೇ ಒಂದು ನೆಪ."

ಈ ಮನುಷ್ಯ ಬಾಲ್ಯದಿಂದ ಒಂದು ಕೊಲೆಯನ್ನು ಹೊತ್ತುಕೊಂಡು ತಿರುಗಿದ್ದರು. ನಾನು ಅದರ 'ಆಯುಧ'ಕ್ಕೆ ಚಪ್ಪಾಳೆ ಗಿಟ್ಟಿಸಿದ್ದೆ. ನನಗೆ ನಾಚಿಕೆಯಾಯಿತು. ಪಕ್ಕದಲ್ಲಿ ನಿಂತಿದ್ದ ಒಂದು ಕುರಿಯ ಮೋಟು ಕಿವಿ ಹಿಡಿದು, ಸುವರ್ಣಾ ಹೇಳಿದ್ದನ್ನೂ ಮಾವ ಹೇಳಿದ್ದನ್ನೂ ಬಿಡಿಸಿ ಹೇಳಿದೆ. ಕಾಕಾ ಕಣ್ಣು ಪಿಳುಕಿಸದೆ ಕೇಳಿದರು. ಆಮೇಲೆ ನಿಧಾನವಾಗಿ ಅಂದರು:

"ಹಾಂಗಂದ್ರ... ಚೂರಿ ಕುರಿ ಕಿವಿಗಿ ಆಡಿಸಿದ್ನಾ? ಮನುಷ್ಯಾರಿಗಲ್ಲಾ?"

"ಬರೇ ಕುರಿ ಕಿವಿಗಿ, ಕಾಕಾ."

ಕಾಕಾ ಅಲ್ಲೇ ಕಲ್ಲಿನ ಮೇಲೆ ಕುಸಿದು ಕುಳಿತು ನಗತೊಡಗಿದರು. ನಗುತ್ತ ನಗುತ್ತ ಅತ್ತುಬಿಟ್ಟರು. "ಕಳ್ಳ ನನ್ಮಗ! ಬರೇ ಕಳ್ಳ!" ಎಂದು ತಲೆಗೆ ಸುತ್ತಿದ ಪಟಗದ ಚುಂಗಿನಿಂದ ಕಣ್ಣೊರೆಸಿಕೊಂಡರು. ಒಬ್ಬ ಹಿರಿಯನನ್ನು ಕಳ್ಳ ಎಂದು ಅಷ್ಟು ಪ್ರೀತಿಯಿಂದ ಕರೆದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಅಷ್ಟರಲ್ಲಿ ಜೀಪು ಬಂತು. ಸಾಹೇಬರು ಹೂವಿನ ಹಾರವನ್ನೇ ತಂದಿದ್ದರು. ಎಲ್ಲರೂ ಪಡಸಾಲೆಯಲ್ಲಿ ಕೈಮುಗಿದು ನಿಂತರು. ಬಾವಿ ತೋಡಿದ ಬೀರಪ್ಪ ಮುತ್ಯಾ ಬಂದ, ಸೂಲಗಿತ್ತಿ ಆಯಿ ಬಂದಳು, ಜಗಳದ ಶರಣಪ್ಪ ದೊಡ್ಡಪ್ಪನೂ ಬಂದ. ಕೊನೆಯ ಎಲೆಯ ಮುಂದೆ ಕಾಕಾ ನನ್ನನ್ನು ನಿಲ್ಲಿಸಿದರು. ನೀನೇ ಹುಡುಕಿದವನು, ನೀನೇ ಕರೆಯಬೇಕು ಎಂದರು. ನಾನು ಸಾಹೇಬರ ಹಾರವನ್ನು ನೋಡಿದೆ, ಕಾಕಾನ ಮುಖವನ್ನು ನೋಡಿದೆ. ಕಾಕಾ ಊಟಕ್ಕೆ ಕರೆಯಿಸಿಕೊಳ್ಳುವ ಮಗುವಿನಂತೆ ಕಾಯುತ್ತಿದ್ದರು. ಗಂಟಲು ಸರಿಮಾಡಿಕೊಂಡು ಕೂಗಿದೆ:

"ಕುರಿ ಕದ್ದ ಧೂಳಪ್ಪ ಮುತ್ಯಾ, ಊಟಕ್ಕ ಬಾ!"

ಕಾಕಾ ಮುಂದೆ ಬಂದು, ಎಲೆಗೆ ಮಟನ್ನಿನ ಎರಡು ತುಂಡು ಹೆಚ್ಚಿಗೇ ಹಾಕಿ, ಬಗ್ಗಿ ಮೆಲ್ಲಗೆ ಹೇಳಿದರು: "ಮುತ್ಯಾ, ಇದು ನಮ್ಮದೇ ಕುರಿ ಅದ. ಹೆದರಬ್ಯಾಡ, ಕೂತು ಉಣ್ಣು."

ಮಾಳಿಗೆಯ ಮೇಲೆ ತುತ್ತಿಟ್ಟು ಕೆಳಗಿಳಿಯುವಷ್ಟರಲ್ಲಿ ಕಾಗೆ ಒಂದು ತುಂಡನ್ನು ಎತ್ತಿಕೊಂಡು ಹೋಗಿತ್ತು. ಸಾಹೇಬರು ನನ್ನ ಕಡೆ ನೋಡಿದ ನೋಟದಲ್ಲಿ ಆಗಸ್ಟ್ ಹದಿನೈದರ ಇಡೀ ಭಾಷಣ ಹಾದುಹೋಯಿತು. ಆದರೆ ಅವರು ದೊಡ್ಡ ಮನುಷ್ಯರು. ಹಾರವನ್ನು ಹಿಂದಕ್ಕೊಯ್ಯದೆ ಎಲೆಯ ಪಕ್ಕಕ್ಕಿಟ್ಟು, ಊಟಕ್ಕೆ ಕುಳಿತು, ಎರಡನೆಯ ಸಲ ಸಾರು ಹಾಕಿಸಿಕೊಂಡ ಮೇಲೆ ನನ್ನ ಕಿವಿಯ ಹತ್ತಿರ ಬಾಗಿ, "ನಮ್ಮ ಮನ್ಯಾಗೂ ಒಬ್ರು ಇದ್ರಪ್ಪ ಬೀರಪ್ಪ. ಅವ್ರ ಮಾತು ತಗದ್ರ ನಮ್ಮಪ್ಪ ಎದ್ದು ಹೊರಗ ಹೋಗ್ತಿದ್ರು" ಎಂದರು. ಆ ಕಡೆ ಕಾಕಾ ತಮ್ಮ ಎಲೆಯ ಮುಂದೆ ಕುಳಿತು ಒಂದರ ಹಿಂದೊಂದು ತುತ್ತು ಗಂಟಲಿಗೆ ಇಳಿಸುತ್ತಲೇ ಇದ್ದರು.

ಸಂಜೆ ಬೀದರಿಗೆ ಮರಳುವ ಬಸ್ಸಿನಲ್ಲಿ ನನಗೆ ಬೇರೆಯೇ ಒಂದು ಚಿಂತೆ ಹತ್ತಿತು. ನಾಳೆ ನಾನೂ ಆ ಪಡಸಾಲೆಯ ಎಲೆಗಳ ಸಾಲಿಗೆ ಸೇರುವವನೇ. ಆಗ ನನ್ನನ್ನು ಏನೆಂದು ಕರೆಯುತ್ತಾರೆ? ನಾನು ಬಾವಿ ತೋಡಿಲ್ಲ. ಜಗಳಾಡುವ ಧೈರ್ಯವೂ ಮಾಡಿದವನಲ್ಲ. ಬಹಳ ಯೋಚಿಸಿ ಸುವರ್ಣಾಳಿಗೆ ಹೇಳಿದೆ, "ಕಚೇರಿಯಲ್ಲಿ ಪ್ರಾಮಾಣಿಕವಾಗಿ ದುಡಿದ ಬೀರಪ್ಪ ಅಂದ್ರ ಹ್ಯಾಂಗ?"

ಅವಳು ಕಿಟಕಿಯಾಚೆ ತೊಗರಿಯ ಹೊಲ ನೋಡುತ್ತಿದ್ದವಳು ಮುಖ ತಿರುಗಿಸಲೂ ಇಲ್ಲ. "ಪ್ರಾಮಾಣಿಕ ಖರೆ ಅದ. ದುಡಿದ ಅನ್ನೋದು ಸ್ವಲ್ಪ ವಿಚಾರ ಮಾಡ್ರಿ."

"ಮತ್ತ ನೀನೇ ಹೇಳು, ಏನಂತ ಕರೀತಿ?"

ಅವಳು ನಿಜವಾಗಿಯೂ ವಿಚಾರ ಮಾಡಿದಳು. ಆಮೇಲೆ ನಗದೆ, ಲೆಕ್ಕದ ಉತ್ತರ ಹೇಳುವಂತೆ ಹೇಳಿದಳು:

"ಕಳ್ಳನ್ನ ಹುಡುಕಿ ಮನಿಗಿ ಕರಕೊಂಡು ಬಂದ ಬೀರಪ್ಪಾ, ಊಟಕ್ಕ ಬಾ."

ಅದಕ್ಕಿಂತ ಗೌರವದ್ದು ಏನಾದರೂ ಸಿಗುತ್ತದೆಯೇ ಎಂದು ಬೀದರ ಬರುವವರೆಗೂ ಹುಡುಕಿದೆ. ಸಿಗಲಿಲ್ಲ. ಹಾಗೆಂದು ಕರೆದರೆ ನಾನಂತೂ ಬರುತ್ತೇನೆ.